ಒಂದನೇ ನಂಬರಿನ ಬಾಗಿಲು

ಮರಡಿಪೇಟೆಯ ಬಾಗಿಲುಗಳನ್ನು ಹೊತ್ತವನು ನಾನು. ಹಲಸಿನ ಬಾಗಿಲು, ಬೇವಿನ ಬಾಗಿಲು, ಒಂದೆರಡು ತೇಗದವು. ನೆತ್ತಿಯ ಮೇಲೆ ಸಿಂಬೆ ಇಟ್ಟು, ಒಂದು ಬಾಗಿಲಿಗೆ ಇಬ್ಬರಂತೆ ಶಿರಾದವರೆಗೆ ಹೊತ್ತೆವು. ಮೂರು ಹರದಾರಿ ದಾರಿ. ಒಂದೂವರೆ ಹರದಾರಿ ಕಳೆದ ಮೇಲೆ ಕತ್ತು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಇಳಿಸಿದ ಮೇಲೆ ತಲೆ ತಾನಾಗಿ ಅಲ್ಲಾಡುತ್ತಿತ್ತು, ಮುದಿ ಎತ್ತಿನ ಹಾಗೆ.

ಆ ಬಾಗಿಲುಗಳು ಗೋಡೆಯಲ್ಲಿದ್ದಾಗ ಒಂದನ್ನೂ ನಾನು ದಾಟಿರಲಿಲ್ಲ. ದಾಟಿದ್ದರೆ ಬೆನ್ನಿನ ಚರ್ಮ ಸುಲಿಯುತ್ತಿದ್ದರು. ಕಿತ್ತ ಮೇಲೆ ಮುಟ್ಟಬಹುದು, ಹೊರಬಹುದು. ಶಿರಾದ ಹೊಸ ಮನೆಯ ಮುಂದೆ ಇಳಿಸಿದಾಗ ಒಂದು ಚೊಂಬು ನೀರು ಎರಚುತ್ತಿದ್ದರು. ಬಾಗಿಲಿಗೆ ಎರಚುತ್ತಿದ್ದರು. ನಮಗೆ ಕುಡಿಯಲು ಕೇಳಿದರೆ ಬಾವಿಯ ದಾರಿ ತೋರಿಸದೆ, ಕೆರೆಯ ದಾರಿ ತೋರಿಸುತ್ತಿದ್ದರು.

ನಾವು ಮಾದಿಗರು. ನಮ್ಮದು ತೋಟಿ ಮನೆತನ. ತೋಟಿ ಅಂದರೆ ಊರಿನ ಚಾಕರಿಯವನು. ಸತ್ತ ದನ ಎಳೆಯಬೇಕು. ಕೆರೆಯ ತೂಬು ಎತ್ತಬೇಕು. ಸರ್ಕಾರದ ಟಪಾಲು ಹೊತ್ತು ಬಿಸಿಲಲ್ಲಿ ಓಡಬೇಕು. ಹುಕುಂ ಬಂದರೆ ತಮಟೆ ಬಾರಿಸಿ ಸಾರಬೇಕು. ಇಷ್ಟಕ್ಕೆಲ್ಲ ಕೆರೆಯ ಕೆಳಗೆ ನಾಲ್ಕು ಎಕರೆ ತೋಟಿಮಾನ್ಯದ ಹೊಲ. ನಮ್ಮ ಕೇರಿಯ ಹನ್ನೊಂದು ಗುಡಿಸಲಿನವರು ಸರದಿಯ ಮೇಲೆ ಚಾಕರಿ ಮಾಡುತ್ತಿದ್ದೆವು. ಹನ್ನೊಂದು ಗುಡಿಸಲಿನ ರಾಗಿಯೂ ಆ ಹೊಲದಲ್ಲೇ ಬೆಳೆಯಬೇಕು. ಬೇರೆ ಒಂದು ಗೇಣು ನೆಲ ನಮಗಿರಲಿಲ್ಲ.

ಮರಡಿಪೇಟೆ ಸಣ್ಣ ಊರಾಗಿರಲಿಲ್ಲ. ಸೋಮವಾರದ ಸಂತೆಗೆ ಗೌಡಗೆರೆ ಕಡೆಯ ಗಾಡಿಗಳು ಬರುತ್ತಿದ್ದವು. ಪಾವಗಡದ ಕಡೆಯಿಂದ ತೆಲುಗು ಮಾತಿನ ಹುಣಸೆಹಣ್ಣಿನವರು ಬರುತ್ತಿದ್ದರು. ಎರಡು ಗಾಣ, ಮಗ್ಗದ ಬೀದಿ, ಇನ್ನೂರರ ಹತ್ತಿರ ಮನೆ. ಪ್ಲೇಗು ಎರಡು ಸಲ ಬಂದು ಹೋಯಿತು. ಆಮೇಲೆ ಜರ್ಮನಿ ಯುದ್ಧ ಮುಗಿದ ವರ್ಷ ಜ್ವರ ಬಂತು. ಬೆಳಗ್ಗೆ ಗಾಣ ತಿರುಗಿಸಿದವನು ಮರುದಿನ ಬೆಳಗ್ಗೆ ಹೆಣ. ಲಿಂಗಾಯತರ ಹೆಣಕ್ಕೆ ಲಿಂಗಾಯತರು, ಒಕ್ಕಲಿಗರ ಹೆಣಕ್ಕೆ ಒಕ್ಕಲಿಗರು ಅನ್ನುವ ಮಾತೆಲ್ಲ ಒಂದು ವಾರದಲ್ಲಿ ಮುಗಿಯಿತು. ಎತ್ತುವವರೇ ಇರಲಿಲ್ಲ. ಹೆಣವನ್ನು ಹೊಸ್ತಿಲಿನ ಆಚೆಗೆ ದಬ್ಬುತ್ತಿದ್ದರು. ನಾವು ಬೀದಿಯಿಂದ ಎತ್ತಿಕೊಳ್ಳುತ್ತಿದ್ದೆವು. ಒಂದು ದಿನ ನಾನೊಬ್ಬನೇ ಒಂಬತ್ತು ಗುಂಡಿ ತೋಡಿದೆ. ಹತ್ತನೆಯದು ನಮ್ಮಪ್ಪನಿಗೆ.

ಉಳಿದವರು ಊರು ಬಿಡತೊಡಗಿದರು. ಇದ್ದವರು ಶಿರಾಕ್ಕೆ, ಮಧುಗಿರಿಗೆ. ಇಲ್ಲದವರು ಕಾಫಿ ತೋಟಕ್ಕೆ, ಕೋಲಾರದ ಚಿನ್ನದ ಗಣಿಗೆ. ನಾವು ಹೋಗಲಿಲ್ಲ. ತೋಟಿ ಊರು ಬಿಡುವ ಹಾಗಿಲ್ಲ. ಬಿಟ್ಟರೆ ಹೊಲ ಹೋಯಿತು.

ಜ್ವರ ಬಂದ ಮೂರನೇ ವರ್ಷ ಖಾನೇಷುಮಾರಿ ಬಂತು. ಜನ ಎಣಿಸುವ ಲೆಕ್ಕ. ಎಣಿಸುವವರು ನಂದೀಶ್ವರಯ್ಯ ಮೇಷ್ಟ್ರು. ನನಗೆ ಅಕ್ಷರ ಕಲಿಸಿದವರೂ ಅವರೇ. ಕಲಿಸಿದರು ಅನ್ನುವುದಕ್ಕಿಂತ, ಅವರು ಬೇರೆಯವರಿಗೆ ಕಲಿಸುವಾಗ ನಾನು ಜಗಲಿಯ ಕೆಳಗೆ ಮರಳಿನಲ್ಲಿ ಕೂತಿದ್ದೆ. ತಪ್ಪು ಬರೆದರೆ ಕೋಲನ್ನು ಎಸೆದು ಹೊಡೆಯುತ್ತಿದ್ದರು. ನನಗೆ ತಾಗಿದ ಕೋಲನ್ನು ಅವರು ಮತ್ತೆ ಮುಟ್ಟುತ್ತಿರಲಿಲ್ಲ. ಅದನ್ನು ನಾನು ಮನೆಗೆ ಒಯ್ಯುತ್ತಿದ್ದೆ. ‘ನನ್ ಮಗ ದಡ್ಡ ಆಗಿದ್ಕೆ ಸೌದೆ ಹುಡುಕೋದು ತಪ್ತು’ ಎಂದು ನಮ್ಮವ್ವ ಕೆಂಚಮ್ಮ ಕೇರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಮೊದಲು ಮನೆಗಳಿಗೆ ನಂಬರು ಹಾಕಬೇಕು. ಮೇಷ್ಟ್ರ ಕೈಯಲ್ಲಿ ಕೆಮ್ಮಣ್ಣು ಕಲಸಿದ ಜಾಜಿನ ಕುಡಿಕೆ, ಈಚಲು ಕಡ್ಡಿಯ ಕುಂಚ. ನಾನು ಹತ್ತು ಮಾರು ಮುಂದೆ ಕೂಗಿಕೊಂಡು ಹೋಗಬೇಕು. ಆಗ ಜನ ಇದ್ದದ್ದು ಮೂವತ್ತನಾಲ್ಕು ಮನೆಗಳಲ್ಲಿ. ಪಟೇಲ ವೃಷಭೇಂದ್ರಪ್ಪನವರ ತೇಗದ ಬಾಗಿಲಿಗೆ ಒಂದನೇ ನಂಬರು. ಕೆಂಪಗೆ, ಗುಂಡಗೆ, ಅಂಗೈ ಅಗಲ ಬರೆದರು. ಹಾಗೇ ಬರೆಯುತ್ತ ಬಂದು ಊರಾಚೆಯ ಹೊಂಗೆ ಮರದ ಹತ್ತಿರ ನಿಂತರು. ಅದರಾಚೆ ನಮ್ಮ ಕೇರಿ. ಅವ್ವ ಅಂಗಳ ಸಾರಿಸಿ, ಮೊಮ್ಮಕ್ಕಳ ತಲೆಗೆ ಎಣ್ಣೆ ಹಚ್ಚಿ, ಸಾಲಾಗಿ ನಿಲ್ಲಿಸಿಕೊಂಡಿದ್ದಳು.

‘ಮೇಷ್ಟ್ರೆ, ನಮ್ದು?’ ಎಂದೆ.

‘ನಿಮ್ಮ ಗುಡಿಸಲಿಗೆ ಬಾಗಿಲಿದೆಯೇನೋ?’

‘ತಡಿಕೆ ಐತೆ.’

‘ತಡಿಕೆ ಮೇಲೆ ಜಾಜು ನಿಲ್ಲುತ್ತೇನೋ ಪೆದ್ದ? ಬಾಗಿಲಿನ ಮೇಲೆ ಬರೀಬೇಕು ಅಂತ ರೂಲಿದೆ. ಎಣಿಸೋ ದಿನ ನೋಡೋಣ ಬಿಡು.’

ಎಣಿಸುವ ದಿನ ಪುಸ್ತಕ ಹಿಡಿದು ಬಂದರು. ಪುಸ್ತಕದಲ್ಲಿ ನಂಬರಿಗೊಂದು ಸಾಲು. ನಂಬರಿಲ್ಲದವರಿಗೆ ಸಾಲಿಲ್ಲ. ಹೊಂಗೆ ಮರದ ತನಕ ಬಂದು ಹಿಂದಕ್ಕೆ ಹೋದರು. ಅವ್ವ ಆ ಸಲವೂ ಎಣ್ಣೆ ಹಚ್ಚಿದ್ದಳು. ‘ಓಗ್ಲಿ ಬುಡು, ನಮ್ಮನ್ನ ಎಣಿಸಿ ಅವ್ರಿಗೇನಾಗ್ಬೇಕು’ ಎಂದಳು. ನಾನೂ ಹಾಗೇ ಅಂದುಕೊಂಡೆ. ಅಕ್ಷರ ಬಲ್ಲ ನಾನೂ ಹಾಗೇ ಅಂದುಕೊಂಡೆನಲ್ಲ, ಅದಕ್ಕೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಎರಡು ವರ್ಷ ಕಳೆದು ಮತ್ತೆ ಪ್ಲೇಗಿನ ಇಲಿ ಬಿದ್ದವು. ಮೂವತ್ತನಾಲ್ಕು ಮನೆಯವರೂ ಎದ್ದರು. ಮೊದಲು ಜನ ಹೋದರು. ಆಮೇಲೆ ಬಾಗಿಲಿಗೆ ಹೇಳಿಕಳಿಸಿದರು. ಬಾಗಿಲು, ತೊಲೆ, ಕಂಬ, ಒರಳುಕಲ್ಲು. ಎಲ್ಲ ನಮ್ಮ ತಲೆಯ ಮೇಲೆ ಹೋಯಿತು. ಏಳನೇ ನಂಬರು ಹೊತ್ತೆ. ಹನ್ನೆರಡನೇ ನಂಬರು ಹೊತ್ತೆ. ಮೇಷ್ಟ್ರು ಬರೆದ ಜಾಜಿನ ಅಂಕಿ ಬೆವರಿಗೆ ಕರಗಿ ನನ್ನ ಹೆಗಲ ಮೇಲೆ ಇಳಿಯುತ್ತಿತ್ತು. ಕೊನೆಗೆ ಪಟೇಲರೂ ಹೋದರು. ಒಂದನೇ ನಂಬರಿಗೆ ಬೀಗ ಹಾಕಿಕೊಂಡು, ‘ಲೇ ಓಬ್ಳಾ, ಕಣ್ಣಿಟ್ಟಿರ್ಲಾ’ ಎಂದು ಹೇಳಿ ಗಾಡಿ ಹತ್ತಿದರು.

ಕಣ್ಣಿಟ್ಟಿದ್ದೆವು. ಬಿದ್ದ ಗೋಡೆಗಳ ನಡುವೆ ಹನ್ನೊಂದು ಗುಡಿಸಲಿನವರು ಬದುಕಿದ್ದೆವು. ತೂಬು ಎತ್ತಿದೆವು, ರಾಗಿ ಬಿತ್ತಿದೆವು. ಆ ವರ್ಷ ನಮ್ಮಕ್ಕನಿಗೆ ಅವಳಿ ಹುಟ್ಟಿದವು. ಊರಿನಲ್ಲಿ ಜನ ಕಡಿಮೆಯಾದರು ಅನ್ನುವವರು ನಮ್ಮ ಕೇರಿಗೆ ಬಂದು ಆ ಎರಡರ ಅಳು ಕೇಳಬೇಕಿತ್ತು.

ಒಂದು ದಿನ, ಪಕ್ಕದೂರು ಸೇರಿದ್ದ ಶಾನುಭೋಗರ ಕಾಗದದ ಕಟ್ಟು ಹೊತ್ತು ಶಿರಾದ ಕಚೇರಿಗೆ ಹೊರಟಿದ್ದೆ. ಮೇಲಿನ ಕಾಗದದ ಮೇಲೆ ನಮ್ಮೂರ ಹೆಸರು. ಹೆಸರಿನ ಮುಂದೆ ಕೆಂಪು ಮಸಿಯಲ್ಲಿ ಒಂದು ಮಾತು. ಬೇಚರಾಕ್. ನಾನು ಕಂಡಿರದ ಮಾತು. ಮನೆಗೆ ಬಂದು ಅವ್ವನಿಗೆ ಹೇಳಿದೆ.

‘ಏನಂದೆ?’

‘ಬೇಚರಾಕ್.’

ಅವ್ವ ಬಾಯಲ್ಲಿ ಎರಡು ಸಲ ತಿರುಗಿಸಿದಳು. ಕಣ್ಣರಳಿಸಿದಳು. ‘ಬೇಚಾಕ್ರಿ ಕಣ್ಲಾ! ಸಿರಾದ ಸಾಬ್ರು ಇಲ್ಲ ಅನ್ನಕ್ಕೆ ಬೇ ಅಂತಾರೆ. ಬೇಚಾಕ್ರಿ ಅಂದ್ರೆ ಚಾಕ್ರಿ ಇಲ್ಲ ಅಂತ! ಊರೋರು ಓದ್ರಲ್ಲ, ಇನ್ಯಾರ ದನ ಎಳೀಬೇಕು? ಸರ್ಕಾರಕ್ಕೂ ಕಣ್ಣು ಬಂತು!’

ಕೇರಿಗೆಲ್ಲ ಸುದ್ದಿಯಾಯಿತು. ಚಾಕರಿ ಹೋಯಿತು, ಹೊಲ ಉಳಿಯಿತು ಎಂದು ನಂಬಿದೆವು. ಗಂಡಸರು ಬಾಗಿಲು ಹೊತ್ತು ಊದಿದ ಕತ್ತುಗಳನ್ನು ನೀವಿಕೊಂಡು ನಕ್ಕರು. ಅವ್ವ ಬೆಲ್ಲ ಹಾಕಿ ಆರಕದ ಅನ್ನ ಮಾಡಿ ಹನ್ನೊಂದು ಗುಡಿಸಲಿಗೂ ಹಂಚಿದಳು. ನಮ್ಮ ತಲೆಯ ಮೇಲೆ ಬಿದ್ದ ಕಲ್ಲಿಗೆ ನಾವೇ ಬೆಲ್ಲ ಹಚ್ಚಿ ನೆಕ್ಕಿದೆವು.

ಮೂರನೇ ದಿನ ಪೀರಾಸಾಬ್ ಬಂದ. ಶಿರಾದ ಪಿಂಜಾರ. ಹತ್ತಿ ಎಕ್ಕುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ವರ್ಷಕ್ಕೊಮ್ಮೆ ಬರುತ್ತಿದ್ದ. ಪೇಟೆಯ ಬೀದಿಯಲ್ಲಿ ಬಿಲ್ಲು ಮಿಡಿದುಕೊಂಡು ಹೋಗಿ, ಯಾರೂ ಹಾಸಿಗೆ ತರದ್ದು ಕಂಡು, ನಮ್ಮ ಹೊಂಗೆ ಮರದಡಿ ಕೂತ. ಅವ್ವ ಅವನಿಗೂ ಬೆಲ್ಲದನ್ನ ಕೊಟ್ಟಳು.

‘ಏನವ್ವ ಕೆಂಚಮ್ಮ, ಮದುವೆನಾ?’

‘ಮದುವೆಗಿಂತ ದೊಡ್ಡದು ಸಾಬ್ರೆ. ನಮ್ಗೆ ಬೇಚಾಕ್ರಿ ಆಗೈತೆ.’

ಪೀರಾಸಾಬ್ ತುತ್ತು ಬಾಯಿಗೆ ಇಡದೆ ನನ್ನನ್ನು ನೋಡಿದ. ನಾನು ಮಾತನ್ನು ಬರೆದಿದ್ದ ಹಾಗೆ ಹೇಳಿದೆ. ಅವನು ಎಲೆಯನ್ನು ಕೆಳಗಿಟ್ಟ.

‘ಅರೇ ಅವ್ವ, ಅದು ಚಾಕರಿ ಅಲ್ಲ. ಚಿರಾಗ್. ಚಿರಾಗ್ ಅಂದ್ರೆ ದೀಪ. ಬೇಚಿರಾಗ್ ಅಂದ್ರೆ ದೀಪ ಇಲ್ಲದ ಊರು. ಮನುಷ್ಯರೇ ಇಲ್ಲ ಅಂತ ಸರ್ಕಾರ ಬರ್ಕೊಂಡೈತೆ.’

‘ನಾವಿದೀವಲ್ಲ?’

‘ನಿಮ್ಮ ಪಟೇಲ್ರು ನಮ್ಮ ಅಂಗಡಿ ಬೀದೀಲೇ ಕೂತು ಹೇಳ್ತಾ ಇದ್ರು. ಊರೇ ಇಲ್ಲ ಅಂದ್ಮೇಲೆ ತೋಟಿ ಯಾಕೆ, ತೋಟಿ ಇಲ್ಲ ಅಂದ್ಮೇಲೆ ತೋಟಿಮಾನ್ಯ ಯಾಕೆ ಅಂತ. ನಾಲ್ಕೆಕರೇನೂ ಅವರು ಕೇಳ್ಕೊಂಡವ್ರೆ. ತೆಂಗು ಇಡ್ತಾರಂತೆ. ಈ ಕೇರಿ ಜಾಗಕ್ಕೂ ಬೇಲಿ ಬರ್ತೈತಂತೆ.’

ಅವ್ವ ಎದ್ದಳು. ಗುಡಿಸಲಿನ ಒಳಗೆ ಹೋಗಿ ಹಣತೆಯನ್ನು ತಂದು ಪೀರಾಸಾಬನ ಮುಂದೆ ಇಟ್ಟಳು. ಹೊಂಗೆ ಎಣ್ಣೆಯ ಜಿಡ್ಡಿಗೆ ಕಪ್ಪಾದ ಹಣತೆ.

‘ಇದ್ಕೇನಂತೀರ ನಿಮ್ಮಲ್ಲಿ?’

‘ಚಿರಾಗೇ ಅವ್ವ’ ಎಂದು ಅವನು ತಲೆ ತಗ್ಗಿಸಿದ. ಬೆಲ್ಲದನ್ನ ಹಾಗೇ ಉಳಿಯಿತು.

ಹದಿನೈದು ದಿನ ಕಳೆದು ಹೋಬಳಿಯ ಶೇಕ್ದಾರರು ಬಂದರು. ಜೊತೆಗೆ ಪಟೇಲರು, ಅವರ ಆಳು ಪರ್ವತಯ್ಯ. ಗಾಡಿಯನ್ನು ಸಂತೆಯ ಕಟ್ಟೆಯ ಹತ್ತಿರ ನಿಲ್ಲಿಸಿದರು. ಬೆಳಗಿನ ಹೊತ್ತು. ನನಗೆ ಕರೆ ಬಂತು. ಹೋದೆ. ಕೇರಿಯ ಗಂಡಸರೂ ಬಂದು ದೂರ ನಿಂತರು.

ಶೇಕ್ದಾರರು ಒಂದು ಕಾಗದ ಬಿಡಿಸಿ ಓದಿದರು. ‘ಸದರಿ ಮರಡಿಪೇಟೆ ಗ್ರಾಮದಲ್ಲಿ ಜನವಸತಿ ಇರುವುದಿಲ್ಲವೆಂಬುದನ್ನು ಗ್ರಾಮಸ್ಥರ ಸಮಕ್ಷಮ ವಿಚಾರಿಸಿ ಖಾತ್ರಿ ಮಾಡಿಕೊಳ್ಳಲಾಯಿತು. ಸದರಿ ಗ್ರಾಮದ ತೋಟಿಯ ಮೂಲಕ ತಮಟೆ ಸಾರಿಸಲಾಯಿತು.’ ಓದಿ, ನನ್ನ ಕಡೆ ನೋಡಿದರು. ‘ತಕರಾರು ಇದ್ದವರು ಹದಿನೈದು ದಿನದೊಳಗೆ ಹೇಳಬೇಕು ಅಂತ ಸಾರು. ಆಮೇಲೆ ಬಂದು ಹೆಬ್ಬೆಟ್ಟು ಒತ್ತು.’

ನನಗೆ ನಗು ಬಂತು. ನಗಬಾರದಿತ್ತು. ಜನವಿಲ್ಲ ಎಂದು ಜನರ ಮುಂದೆ ಗೊತ್ತು ಮಾಡಿಕೊಂಡಿದ್ದಾರೆ. ಊರಿಲ್ಲ ಎಂದು ಊರ ತೋಟಿ ಸಾರಬೇಕು.

‘ಏನ್ಲಾ ಕಿಸೀತೀಯ?’ ಪಟೇಲರು ಗದರಿದರು. ‘ಬಾರ್ಸೋ.’

‘ಚರ್ಮ ಸಡಿಲ ಆಗೈತೆ ಬುದ್ಧಿ. ಕಾಯಿಸ್ಬೇಕು.’

ಅದು ನಿಜ. ತಮಟೆಯನ್ನು ಉರಿಯ ಮೇಲೆ ಹಿಡಿದು ಕಾಯಿಸದೆ ಬಾರಿಸಿದರೆ ಒದ್ದೆ ಗೋಣಿಗೆ ಬಡಿದ ಹಾಗಿರುತ್ತದೆ. ಕಾಯಿಸಲು ಬೆಂಕಿ ಬೇಕು. ಪಟೇಲರು ಸುತ್ತ ನೋಡಿದರು. ಬಾಗಿಲಿಲ್ಲದ ಮನೆಗಳು ಬಾಯಿ ತೆರೆದುಕೊಂಡು ನಿಂತಿದ್ದವು. ಒಂದರಲ್ಲೂ ಒಲೆಯಿಲ್ಲ.

‘ಕೇರಿಯಿಂದ ಬೆಂಕಿ ತಗೊಂಡ್ಬಾ ಓಗ್ಲಾ’ ಎಂದರು.

ಅವರೇ ಅಂದರು. ಅವರ ಬಾಯಿಂದಲೇ ಬಂತು.

ನಾನು ಹೋಗಿ ಅವ್ವನಿಗೆ ಬೆಂಕಿ ಕೇಳಿದೆ. ಯಾಕೆ ಎಂದು ಕೇಳಿದಳು. ಹೇಳಿದೆ. ಒಲೆಯ ಮುಂದೆ ಕೂತಿದ್ದವಳು ಎದ್ದಳು. ಮಡಕೆಯ ಓಡಿನಲ್ಲಿ ಕೆಂಡ ತುಂಬಿಕೊಂಡಳು. ‘ನಾನೇ ತರ್ತೀನಿ ನಡಿ’ ಎಂದಳು. ಅರವತ್ತು ವರ್ಷದಲ್ಲಿ ಅವ್ವ ಪೇಟೆಯ ಬೀದಿಯ ನಡುವೆ ನಡೆದಿರಲಿಲ್ಲ. ಅಂಚಿನಲ್ಲಿ, ಸೆರಗು ಬಿಗಿಹಿಡಿದು ನಡೆಯುತ್ತಿದ್ದಳು. ಆ ದಿನ ನಡುವೆ ನಡೆದಳು. ಬರಿಗೈಯಲ್ಲಿ ಕೆಂಡದ ಓಡು. ಬೆರಳು ಸುಡುತ್ತಿದ್ದರೂ ಕೈ ಬದಲಿಸಲಿಲ್ಲ. ಕಟ್ಟೆಯ ಹತ್ತಿರ ಬಂದು, ಶೇಕ್ದಾರರ ಜೋಡಿನ ಮುಂದೆ ಓಡನ್ನು ಇಟ್ಟು, ಒಣಗರಿ ಹಾಕಿ ಊದಿದಳು. ಉರಿ ಎದ್ದಿತು.

‘ಬುದ್ಧಿ, ಈ ಬೆಂಕಿ ಯಾವೂರ್ದು?’

ಶೇಕ್ದಾರರು ಮೂಗಿಗೆ ಬಟ್ಟೆ ಹಿಡಿದುಕೊಂಡರು. ‘ಯಾರೋ ಈ ಹೆಂಗಸು?’

‘ಯಾವೂರ್ದು ಅಂತ ಬರ್ಕಳಿ ಬುದ್ಧಿ. ಈ ಊರಾಗೆ ದೀಪ ಇಲ್ಲ ಅಂತ ಬರ್ದಿದೀರಂತಲ್ಲ. ಪಟೇಲ್ರು ಬೆಂಕಿ ತರಕ್ಕೆ ಎಲ್ಲಿಗೆ ಕಳಿಸಿದ್ರು ಕೇಳಿ.’

‘ಮುಚ್ಚೇ ಬಾಯಿ!’ ಪಟೇಲರು ಕೂಗಿದರು. ‘ಕಾಯ್ಸೋ ಓಬ್ಳಾ!’

ನಾನು ತಮಟೆಯನ್ನು ಉರಿಯ ಮೇಲೆ ಹಿಡಿದೆ. ಅದು ನಮ್ಮಪ್ಪ ಮಾಡಿದ ತಮಟೆ. ಕರುವಿನ ಚರ್ಮ. ಅವನೇ ಹದ ಮಾಡಿ, ಬಳೆಗೆ ಬಿಗಿದು, ಮೂರು ದಿನ ಬಿಸಿಲಿಗೆ ಇಟ್ಟು ಕಾದಿದ್ದ. ಕಾಯುವ ಹದ ನನಗೆ ಗೊತ್ತು. ಬೆರಳು ತಾಗಿಸಿದರೆ ಟಿಣ್ ಅನ್ನಬೇಕು. ಆಗ ತೆಗೆಯಬೇಕು. ಟಿಣ್ ಅಂದಿತು. ನಾನು ತೆಗೆಯಲಿಲ್ಲ. ಚರ್ಮ ಹಳದಿಯಾಯಿತು, ಕಂದಾಯಿತು, ಕೂದಲು ಸುಟ್ಟ ವಾಸನೆ ಬಂತು.

‘ತೆಗೀಲಾ! ಸುಡ್ತಾ ಐತೆ!’ ಪರ್ವತಯ್ಯ ಅಂದ.

ನಾನು ಹಿಡಿದೇ ಇದ್ದೆ. ಚರ್ಮ ನಡುವೆ ಬಿರಿದು ಪಟ್ಟೆಂದು ಒಡೆಯಿತು. ಅಪ್ಪನ ಹೆಣ ಇಳಿಸಿದಾಗ ಬಾರದ ಅಳು ಆಗ ಬಂತು. ನುಂಗಿಕೊಂಡೆ.

‘ಸಾರ್ಬುಟ್ಟೆ ಬುದ್ಧಿ’ ಎಂದೆ. ‘ಇನ್ನು ಹೆಬ್ಬೆಟ್ಟು ಒತ್ತಲ್ಲ. ನನ್ಗೆ ಸೈನು ಮಾಡಕ್ಕೆ ಬರುತ್ತೆ. ಅದ್ನೂ ಮಾಡಲ್ಲ. ನಾನು ಇಲ್ವಲ್ಲ, ಇಲ್ದೋನು ಹೆಂಗೆ ಮಾಡ್ಲಿ?’

ಪಟೇಲರು ಗಾಡಿಯಿಂದ ಬಾರುಕೋಲು ಎಳೆದುಕೊಂಡರು. ಖಾನೇಷುಮಾರಿಯಲ್ಲಿ ಎಣಿಸದೆ ಬಿಟ್ಟವನನ್ನು ಆ ದಿನ ಚೆನ್ನಾಗಿ ಎಣಿಸಿದರು. ಕತ್ತಿನ ಮೇಲೆ, ಬಾಗಿಲು ಹೊತ್ತು ಊದಿದ್ದ ಜಾಗದ ಮೇಲೆಯೇ ಹೊಡೆದರು. ನಮ್ಮವರು ಮುಂದೆ ಬಂದರು. ಪರ್ವತಯ್ಯ ದೊಣ್ಣೆ ಎತ್ತಿದ. ಅವ್ವ ಉರಿಯುವ ಓಡನ್ನು ಎತ್ತಿಕೊಂಡು ನಡುವೆ ನಿಂತಳು. ಪಟೇಲರು ಹಿಂದಕ್ಕೆ ಸರಿದರು. ಹೆದರಿ ಅಲ್ಲ, ಮುಟ್ಟಬೇಕಾಗುತ್ತದೆ ಎಂದು.

ನಾಲ್ಕು ದಿನ ಬಿಟ್ಟು ಪಕ್ಕದೂರಿನ ತೋಟಿಯನ್ನು ಕರೆತಂದರು. ಚಿಕ್ಕಹನುಮಯ್ಯ. ನನ್ನ ಹೆಂಡತಿಯ ಅಣ್ಣ. ಅವನಿಗೂ ಮೂರು ಎಕರೆ ಮಾನ್ಯ, ಆರು ಮಕ್ಕಳು. ತಲೆ ಎತ್ತದೆ ಬಾರಿಸಿದ. ಖಾಲಿ ಬೀದಿಯಲ್ಲಿ, ಬಿದ್ದ ಗೋಡೆಗಳಿಗೆ, ‘ಈ ಊರಾಗೆ ಯಾರೂ ಇಲ್ಲ, ತಕರಾರು ಇದ್ದೋರು ಹೇಳ್ರಪ್ಪೋ’ ಎಂದು ಸಾರಿದ. ಹೊಂಗೆ ಮರದ ಹತ್ತಿರ ನನ್ನ ಹೆಂಡತಿ ಆಂಜಿನಮ್ಮ ನಿಂತಿದ್ದಳು. ‘ನಾನು ಇದೀನಿ ಕಣಣ್ಣ’ ಎಂದು ಕೂಗಿದಳು. ಅವನು ಇನ್ನೂ ಜೋರಾಗಿ ಬಾರಿಸಿದ.

ನಾನು ಅರ್ಜಿ ಬರೆದೆ. ಮರಳಿನಲ್ಲಿ ಕಲಿತ ಅಕ್ಷರ ಮೊದಲ ಸಲ ಕಾಗದಕ್ಕೆ ಬಂದದ್ದು ಆಗಲೇ. ಹನ್ನೊಂದು ಗುಡಿಸಲಿನ ಹೆಸರು ಬರೆದೆ. ಗಂಡಸು, ಹೆಂಗಸು, ಮಕ್ಕಳು, ನಮ್ಮಕ್ಕನ ಅವಳಿ, ಎಲ್ಲ ಸೇರಿ ಐವತ್ತೆಂಟು ಜನ. ಕಚೇರಿಗೆ ನಡೆದು ಹೋಗಿ ಕಿಟಕಿಯಲ್ಲಿ ಕೊಟ್ಟೆ. ಎಂಟು ದಿನ ಬಿಟ್ಟು ಬಾ ಎಂದರು. ಹೋದೆ. ಅರ್ಜಿಯ ಬೆನ್ನ ಮೇಲೆ ಬರೆದು ವಾಪಸು ಕೊಟ್ಟರು.

‘ಮರಡಿಪೇಟೆ ಗ್ರಾಮವು ಬೇಚರಾಕ್ ಆಗಿರುವುದರಿಂದ, ಸದರಿ ಗ್ರಾಮದ ವಾಸಿಯೆಂದು ಹೇಳಿಕೊಳ್ಳುವ ಅರ್ಜಿದಾರನ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ಬರುವುದಿಲ್ಲ.’

ಕಿಟಕಿಯ ಗುಮಾಸ್ತ ಕೆಟ್ಟವನಲ್ಲ. ಮೆಲ್ಲಗೆ ಹೇಳಿದ: ‘ನೀನು ಆ ಊರಲ್ಲಿ ಇದ್ದೀಯ ಅಂತ ಸರ್ಕಾರದ ಒಂದಾದರೂ ಕಾಗದ ತಾರಪ್ಪ. ಬರಿ ಬಾಯಲ್ಲಿ ಇದೀನಿ ಅಂದ್ರೆ ಆಗಲ್ಲ.’

ಆ ಮಾತು ಮೂರು ಹರದಾರಿ ನನ್ನ ಜೊತೆಗೇ ನಡೆದು ಬಂತು.

ಆ ವಾರವೇ ಪಟೇಲರಿಂದ ಹೇಳಿಕೆ ಬಂತು. ಶಿರಾದ ಅವರ ಹೊಸ ಮನೆ ಮುಗಿದಿತ್ತು. ಒಂದನೇ ನಂಬರನ್ನು ಕಿತ್ತು ತರಬೇಕು. ಹೊಡೆದದ್ದು, ಬೈದದ್ದು ಅವರಿಗೆ ನೆನಪೂ ಇರಲಿಲ್ಲ. ತೋಟಿ ಇಲ್ಲ ಎಂದು ಬರೆಸಿದವರಿಗೆ ಹೊರಲು ತೋಟಿ ಬೇಕಿತ್ತು. ಕಾವಲಿಗೆ ಪರ್ವತಯ್ಯ ಬಂದ.

ಒಗ್ಗೂಡಿ ಕಿತ್ತೆವು. ಒಂದಕ್ಕೇ ನಾಲ್ಕು ಆಳು ಬೇಕಾದ ಬಾಗಿಲು. ಅಜ್ಜನ ಕಾಲದ ತೇಗ. ಸಿಂಬೆ ಇಟ್ಟು ಎತ್ತಿಕೊಂಡೆವು. ಸಂತೆಯ ಕಟ್ಟೆ ದಾಟಿದರೆ ದಾರಿ ಕವಲಾಗುತ್ತದೆ. ಬಲಕ್ಕೆ ಶಿರಾ. ಎಡಕ್ಕೆ ನಮ್ಮ ಕೇರಿ. ಮುಂದೆ ಇದ್ದವನು ನಾನು. ಅಲ್ಲಿಯ ತನಕ ನಾನು ಯಾರ ಹತ್ತಿರವೂ ಏನೂ ಹೇಳಿರಲಿಲ್ಲ. ಎಡಕ್ಕೆ ತಿರುಗಿದೆ. ಹಿಂದಿನ ಮೂವರು ಒಂದು ಗಳಿಗೆ ತಡೆದರು. ಆಮೇಲೆ ಅವರ ಕಾಲುಗಳೂ ಎಡಕ್ಕೆ ತಿರುಗಿದವು.

‘ಲೇ! ದಾರಿ ತಪ್ತೀರಲ್ರೋ!’ ಪರ್ವತಯ್ಯ ಕೂಗಿದ.

‘ಇಷ್ಟು ದಿನ ತಪ್ಪಿತ್ತು ಕಣಪ್ಪ’ ಎಂದೆ.

ಅವನು ಹೊಂಗೆ ಮರದ ತನಕ ಬಂದ. ಅಲ್ಲಿಗೆ ಅವನ ಕಾಲು ನಿಂತಿತು. ಮೇಷ್ಟ್ರ ಕಾಲು ನಿಂತ ಜಾಗದಲ್ಲೇ.

ಅವ್ವನ ಗುಡಿಸಲಿನ ತಡಿಕೆ ತೆಗೆದ ಕಡೆ ಬಾಗಿಲನ್ನು ನಿಲ್ಲಿಸಿದೆವು. ಗುಡಿಸಲಿಗಿಂತ ಬಾಗಿಲು ಎರಡು ಮೊಳ ಎತ್ತರ. ಸೂರಿನ ಮೇಲಕ್ಕೆ ಚಾಚಿಕೊಂಡು ನಿಂತಿತು. ನೋಡಿದವರು ಬಿದ್ದು ಬಿದ್ದು ನಕ್ಕರು. ಅಳತೆ ಕೂಡುವುದಿಲ್ಲ, ತಿರುಗುವುದಿಲ್ಲ, ಮುಚ್ಚುವುದಿಲ್ಲ. ಅಡಿಗೆ ಕಲ್ಲು ಕೊಟ್ಟು, ಎರಡು ಗೂಟಕ್ಕೆ ಹಗ್ಗದಲ್ಲಿ ಬಿಗಿದೆವು. ಮೇಷ್ಟ್ರು ಬರೆದ ಜಾಜಿನ ಒಂದು ಹಾಗೇ ಇತ್ತು, ಕೆಂಪಗೆ.

‘ಇಷ್ಟೆತ್ತರ ಯಾಕಪ್ಪ ಮಾಡ್ಕೊಂಡಿದ್ರು?’ ಅವ್ವ ಅಂಗೈಯಿಂದ ತೇಗವನ್ನು ಸವರಿದಳು. ‘ಅವ್ರೇನು ನಮ್ಗಿಂತ ಉದ್ದ ಇದ್ರಾ?’

ಮೂರನೇ ದಿನ ಪೊಲೀಸರು ಬಂದರು. ಅವರು ಹೊಂಗೆ ಮರದ ಹತ್ತಿರ ನಿಲ್ಲಲಿಲ್ಲ. ನೇರ ಒಳಗೆ ಬಂದರು. ಕೇರಿಯೊಳಗೆ ಕಾಲಿಟ್ಟ ಮೊದಲ ಸರ್ಕಾರ ಅದೇ. ಬಾಗಿಲು ಬಿಚ್ಚಿಸಿದರು. ನನ್ನ ಕೈಗೆ ಕೋಳ ಹಾಕಿದರು. ಮಧುಗಿರಿಯ ಕೋರ್ಟಿನ ತನಕ ಬಾಗಿಲನ್ನು ಹೊರಿಸಿದ್ದೂ ನಮ್ಮವರಿಂದಲೇ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಹೊಲ ನಮಗೆ ವಾಪಸು ಬರಲಿಲ್ಲ. ಅಲ್ಲಿ ಈಗ ತೆಂಗು ನಿಂತಿದೆ. ಮುಂದಿನದನ್ನು ಕೇಳಿ ಗೆದ್ದೆವು ಎಂದು ಯಾರೂ ಅಂದುಕೊಳ್ಳಬೇಡಿ.

ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಎತ್ತರದಲ್ಲಿ ಕೂತಿದ್ದರು. ಗೋಡೆಗೆ ಒರಗಿಸಿದ ಒಂದನೇ ನಂಬರು ನನ್ನ ಪಕ್ಕದಲ್ಲಿತ್ತು. ಕೋರ್ಟಿನ ಗುಮಾಸ್ತ ಲೇಖನಿ ಅದ್ದಿಕೊಂಡು ಕೇಳಿದ.

‘ಹೆಸರು?’

‘ಓಬಳಯ್ಯ.’

‘ವಾಸ?’

‘ಮರಡಿಪೇಟೆ.’

ಗುಮಾಸ್ತನ ಲೇಖನಿ ನಿಂತಿತು. ‘ಅದು ಬೇಚರಾಕ್ ಸ್ವಾಮಿ’ ಎಂದು ಮ್ಯಾಜಿಸ್ಟ್ರೇಟರ ಕಡೆ ತಿರುಗಿದ. ‘ಅಲ್ಲಿ ಯಾರೂ ವಾಸ ಇಲ್ಲ ಅಂತ ಹುಕುಂ ಆಗಿದೆ.’

ಮ್ಯಾಜಿಸ್ಟ್ರೇಟರು ಕಾಗದ ಮಗುಚಿದರು. ಪಟೇಲರನ್ನು ಕೇಳಿದರು. ‘ನಿಮ್ಮ ಮಾಲು ಎಲ್ಲಿ ಸಿಕ್ಕಿತು?’

‘ಇವನ ಗುಡಿಸಲ ಹತ್ರ ಬುದ್ಧಿ.’

‘ಗುಡಿಸಲು ಎಲ್ಲಿದೆ?’

ಪಟೇಲರು ಗುಮಾಸ್ತನ ಕಡೆ ನೋಡಿದರು.

‘ಇವನು ವಾಸ ಮಾಡೋ ಜಾಗದಲ್ಲಿ ಸಿಕ್ಕಿತು ಅಂದರೆ ಕಳ್ಳತನ. ಯಾರೂ ಇಲ್ಲದ ಬಯಲಲ್ಲಿ ಸಿಕ್ಕಿತು ಅಂದರೆ, ಇವನನ್ನೇ ಯಾಕೆ ಹಿಡಿದು ತಂದಿರಿ? ಇವನು ಅಲ್ಲಿ ವಾಸ ಇದ್ದಾನೋ ಇಲ್ಲವೋ? ಪ್ರಮಾಣ ಮಾಡಿ ಹೇಳಿ.’

ಪಟೇಲರು ಬಾಗಿಲನ್ನು ನೋಡಿದರು. ಅಜ್ಜನ ತೇಗ. ಹೊಸ ಮನೆ ಬಾಗಿಲಿಲ್ಲದೆ ಕಾಯುತ್ತಿತ್ತು. ನನ್ನನ್ನು ನೋಡಲಿಲ್ಲ.

‘ಇದಾನೆ ಬುದ್ಧಿ.’

‘ಎಲ್ಲಿ?’

‘ಮರಡಿಪೇಟೆ ಕೇರೀಲಿ.’

‘ಎಷ್ಟು ಕಾಲದಿಂದ?’

‘ಇವರಪ್ಪನ ಕಾಲದಿಂದ ಬುದ್ಧಿ. ಇವರಜ್ಜನ ಕಾಲದಿಂದ.’

‘ಬರ್ಕೊಳ್ರಿ’ ಎಂದರು ಮ್ಯಾಜಿಸ್ಟ್ರೇಟರು. ಲೇಖನಿ ಕರಕರ ಸದ್ದು ಮಾಡಿತು. ‘ನೀನೇನು ಹೇಳ್ತೀಯೋ? ಬಾಗಿಲು ಕದ್ದದ್ದು ನಿಜವೋ?’

‘ನಿಜ ಬುದ್ಧಿ. ಕದ್ದೆ. ನಮ್ಮ ಮನೆಗೆ ಒಯ್ದೆ. ನಮ್ಮ ಮನೆ ಮರಡಿಪೇಟೇಲಿ ಐತೆ. ಬರ್ದಿದ್ದನ್ನ ಇನ್ನೊಂದು ಸಲ ಓದಿ ಅಂತ ಅವ್ರಿಗೆ ಹೇಳಿ ಬುದ್ಧಿ.’

ಗುಮಾಸ್ತ ಸಿಟ್ಟಿನಿಂದಲೇ ಓದಿದ. ಮ್ಯಾಜಿಸ್ಟ್ರೇಟರು ಮೂರು ತಿಂಗಳು ಕಠಿಣ ಸಜೆ ಎಂದರು.

ಹೊರಗೆ ಬೇವಿನ ಮರದಡಿ ಅವ್ವ ಕೂತಿದ್ದಳು. ಎರಡು ದಿನ ನಡೆದು ಬಂದಿದ್ದಳು. ಮಡಿಲಲ್ಲಿ ಮುದ್ದೆ ಕಟ್ಟಿಕೊಂಡಿದ್ದಳು. ಪೊಲೀಸಿನವನು ಒಂದು ಗಳಿಗೆ ನಿಲ್ಲಲು ಬಿಟ್ಟ. ಕೋಳ ಹಾಕಿದ ಕೈಗೆ ಮುದ್ದೆ ಇಟ್ಟಳು.

‘ಎಷ್ಟು ದಿನ ಅಂತೆ?’

‘ಮೂರು ತಿಂಗಳು ಕಣವ್ವ.’

ಅವ್ವ ಬಾರುಕೋಲಿನ ಬರೆ ಬಿದ್ದಿದ್ದ ನನ್ನ ಕತ್ತನ್ನು ಸುಟ್ಟ ಬೆರಳುಗಳಿಂದ ಸವರಿದಳು.

‘ಊರ ಹೆಸ್ರು ಬರ್ಕೊಂಡ್ರಾ?’

‘ಬರ್ಕೊಂಡ್ರು. ಪಟೇಲ್ರ ಬಾಯಿಂದ್ಲೇ ಹೇಳ್ಸಿ ಬರ್ಕೊಂಡ್ರು.’

‘ಹಂಗಾದ್ರೆ ಓಗ್ಬಾ’ ಎಂದಳು.